ಸದ್ದಿಗೊಂದು ಪದಕ, ಸಂಖ್ಯೆಗೊಂದು ಸನ್ಮಾನ

2024ರ ಆಗಸ್ಟ್ 16ರಂದು ಕೇಂದ್ರ ಸರಕಾರವು 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯನ್ನು ಪ್ರಕಟಿಸಿತು. 2022ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವ 'ಕೆ.ಜಿ.ಎಫ್: ಚಾಪ್ಟರ್ 2'ಕ್ಕೆ ಸಂದಿತು. ಸಾಹಸ ನಿರ್ದೇಶನದ ಪ್ರಶಸ್ತಿಯೂ ಅದಕ್ಕೇ ದೊರೆಯಿತು. ಈ ಎರಡನೆಯದರ ಬಗ್ಗೆ ಯಾರಿಗೂ ತಕರಾರಿರಲಾರದು. ಹೊಡೆದಾಟವನ್ನು ಅಚ್ಚುಕಟ್ಟಾಗಿ ಹೊಂದಿಸುವುದೂ ಒಂದು ಕಸುಬೇ. ಆದರೆ ಇಡೀ ಒಂದು ವರ್ಷದಲ್ಲಿ ಕನ್ನಡದ ಬದುಕು ಬೆಳ್ಳಿತೆರೆಯ ಮೇಲೆ ಪಡೆದ ಅತ್ಯುತ್ತಮ ರೂಪವೇ ಇದು ಎಂದು ದೇಶದ ಸರಕಾರ ಸಾರಿದಾಗ, ಆ ತೀರ್ಮಾನದ ಅಳತೆಗೋಲು ಯಾವುದೆಂದು ಕೇಳುವ ಹಕ್ಕು ಪ್ರತಿಯೊಬ್ಬ ಕನ್ನಡಿಗನಿಗೂ ಇದೆ.

ಆ ಚಿತ್ರವು ಲೋಕದಾದ್ಯಂತ ಸಾವಿರ ಕೋಟಿ ರೂಪಾಯಿಗೂ ಮಿಗಿಲಾಗಿ ಗಳಿಸಿತು. ಗಲ್ಲಾಪೆಟ್ಟಿಗೆ ತಾನು ಕೊಡಬಹುದಾದ ಎಲ್ಲ ಮರ್ಯಾದೆಯನ್ನೂ ಅದಕ್ಕೆ ಕೊಟ್ಟಾಗಿತ್ತು. ಜನಪ್ರಿಯ ಚಿತ್ರಗಳನ್ನು ಗೌರವಿಸಬೇಕೆಂದರೆ ಅದಕ್ಕೆಂದೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪ್ರತ್ಯೇಕ ವಿಭಾಗವೊಂದು ದಶಕಗಳಿಂದಲೂ ಇದೆ. ಆ ಸಾಲಿನಲ್ಲಿ ಅದು ಕನ್ನಡದ್ದೇ ಆದ 'ಕಾಂತಾರ'ಕ್ಕೆ ದೊರೆಯಿತು. ರಿಷಬ್ ಶೆಟ್ಟಿಯವರು ಅತ್ಯುತ್ತಮ ನಟರೆನಿಸಿದರು. ಇಷ್ಟೆಲ್ಲ ಆದ ಮೇಲೂ ಉಳಿದಿದ್ದ ಒಂದು ಎಲೆಯನ್ನು ಉಂಡವನ ಮುಂದೆಯೇ ಹಾಕಿದ್ದು ಯಾವ ನ್ಯಾಯ?

ಅದೇ 2022ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಚಿತ್ರವೊಂದು 'ನ್ಯೂ ಕರೆಂಟ್ಸ್' ಪ್ರಶಸ್ತಿಯನ್ನು ಪಡೆಯಿತು. ಜೈಶಂಕರ್ ಆರ್ಯರ್ ನಿರ್ದೇಶಿಸಿದ 'ಶಿವಮ್ಮ ಯರೇಹಂಚಿನಾಳ'. ಸರಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಬಡ ಹೆಂಗಸೊಬ್ಬಳು, ಶಕ್ತಿವರ್ಧಕ ಪುಡಿ ಮಾರುವ ಸರಪಳಿ ವ್ಯಾಪಾರದ ಆಸೆಗೆ ಬಿದ್ದು ಮನೆಯ ಹಣವನ್ನು ಅದರಲ್ಲಿ ಹಾಕುವ ಕಥೆ. ಊರವರೇ ಪಾತ್ರಧಾರಿಗಳು, ಊರ ಮಾತೇ ಸಂಭಾಷಣೆ. ಅದನ್ನು ನಿರ್ಮಿಸಿದವರೂ ಅದೇ ರಿಷಬ್ ಶೆಟ್ಟಿಯವರು ಎಂಬುದನ್ನು ನೆನೆದರೆ, ದೊಡ್ಡ ಚಿತ್ರದ ಹಣಕ್ಕೂ ಸಣ್ಣ ಚಿತ್ರದ ಸತ್ಯಕ್ಕೂ ಹುಟ್ಟು ವೈರವೇನೂ ಇಲ್ಲವೆಂಬುದು ತಿಳಿಯುತ್ತದೆ. ಇವೆರಡು ಚಿತ್ರಗಳನ್ನೂ ಒಂದೇ ತೀರ್ಪುಗಾರರು ಒಂದೇ ತಕ್ಕಡಿಯಲ್ಲಿ ತೂಗಿದರೆಂದು ನಾನು ಹೇಳುತ್ತಿಲ್ಲ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯನ್ನು ಬೂಸಾನಿನವರು ಕಣ್ಣಿಟ್ಟು ನೋಡಿದ ಸಾಲಿಗೆ ದೆಹಲಿ ಕೊಟ್ಟ ಪದಕದ ಕಥೆ ಹೀಗಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಸಿನಿಮಾ ಪ್ರಶಸ್ತಿಯ ಗೊಡವೆ ಈ ಪತ್ರಿಕೆಗೆ ಏಕೆ ಎಂದು ಕೇಳುವ ಓದುಗರು ಇರುತ್ತಾರೆ. ಮದರಸದಲ್ಲಿ ನನಗೆ ಪಾಠ ಹೇಳಿದ ಹಿರಿಯರೊಬ್ಬರು ಇಂದಿಗೂ ಚಿತ್ರಮಂದಿರವಿರುವ ಬೀದಿಯಲ್ಲಿ ನಡೆಯುವಾಗ ಎದುರಿನ ಬದಿಗೆ ದಾಟುತ್ತಾರೆ. ಅವರ ಪರಹೇಜನ್ನು ನಾನು ಗೌರವಿಸುತ್ತೇನೆ. ಆದರೆ ನಾವು ಸಿನಿಮಾ ನೋಡದಿದ್ದರೂ ಸಿನಿಮಾ ನಮ್ಮನ್ನು ನೋಡುತ್ತಲೇ ಇದೆ. ನೆರೆಮನೆಯವರು ನಮ್ಮ ಬಾಗಿಲಿನ ಕಡೆ ಯಾವ ಕಣ್ಣಿನಿಂದ ನೋಡಬೇಕೆಂಬುದನ್ನು ಇಂದು ಬಹುಮಟ್ಟಿಗೆ ನಿರ್ಧರಿಸುತ್ತಿರುವುದು ಪರದೆಯೇ. ಅದರ ಮೇಲೆ ಸರಕಾರದ ಮುದ್ರೆ ಬಿದ್ದರೆ, ಚಿತ್ರ ಹೇಳಿದ್ದು ಬರಿಯ ಕಥೆಯಾಗಿ ಉಳಿಯುವುದಿಲ್ಲ, ಸಾಕ್ಷ್ಯವಾಗುತ್ತದೆ. ಮೇಲಾಗಿ ಆ ಪದಕಕ್ಕೂ ನಗದಿಗೂ ಸಮಾರಂಭಕ್ಕೂ ತಗಲುವ ಹಣ ನಮ್ಮದು. ಶೇಂಗಾ ಎಣ್ಣೆ ಕೊಳ್ಳುವಾಗಲೂ ತೆರಿಗೆ ಕಟ್ಟುವವರಿಗೆ ಲೆಕ್ಕ ಕೇಳುವ ಅಧಿಕಾರವಿದೆ.

ಪ್ರಶಸ್ತಿಗಳು ಏಕೆ ಹುಟ್ಟಿದವು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಮಾರುಕಟ್ಟೆ ಸಾಕಲಾರದ ಕೂಸನ್ನು ಸಾಕಲಿಕ್ಕೆಂದೇ ಅವು ಹುಟ್ಟಿದವು. 1970ರ 'ಸಂಸ್ಕಾರ' ಮೊದಲು ಸೆನ್ಸಾರ್ ಮಂಡಳಿಯ ನಿಷೇಧಕ್ಕೆ ಗುರಿಯಾಗಿತ್ತು. ಕೊನೆಗೆ ಅದೇ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ಮುಂದೆ 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಇವುಗಳಲ್ಲಿ ನಾಲ್ಕು ಗಿರೀಶ್ ಕಾಸರವಳ್ಳಿಯವರವು. ಇವುಗಳಲ್ಲಿ ಯಾವುದರಲ್ಲೂ ಸದ್ದಿಲ್ಲ. ಭೂಮಿ ಸಿಗದ ಹೊಲೆಯನೊಬ್ಬನ ದುಡಿ ಇದೆ, ಬಾಲವಿಧವೆಯ ಅಳಲು ಇದೆ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನಿದ್ದಾನೆ. 2001ರ ಸಾಲಿನಲ್ಲಿ 'ದ್ವೀಪ'ಕ್ಕೆ ದೊರೆತ ಬಳಿಕ ಸ್ವರ್ಣಕಮಲದ ಆ ಅತ್ಯುನ್ನತ ಪ್ರಶಸ್ತಿ ಕನ್ನಡ ಚಿತ್ರವೊಂದಕ್ಕೆ ಮತ್ತೆ ಬಂದಿಲ್ಲ. ಕರ್ನಾಟಕದ ನೆಲದ ಭಾಷೆಯೊಂದಕ್ಕೆ ಬಂದಿದೆ: 2011ರ ಸಾಲಿನಲ್ಲಿ 'ಬ್ಯಾರಿ', ಮರಾಠಿಯ 'ದೇವೂಳ್'ನೊಂದಿಗೆ ಹಂಚಿಕೊಂಡು. ಕರಾವಳಿಯ ನಮ್ಮ ಬ್ಯಾರಿ ಸಹೋದರರ ಭಾಷೆಯ ಮೊಟ್ಟಮೊದಲ ಚಿತ್ರಕ್ಕೆ ಇಂಥ ಗೌರವ ದೊರೆತಾಗ ಸಂತೋಷಪಡದವರು ಯಾರು? ಆದರೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಳ್ಳಲಾಗಿದೆಯೆಂದು ಸಾರಾ ಅಬೂಬಕ್ಕರ್ ಅವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಪದಕವನ್ನು ತೊಡಿಸುವಾಗ ಕಥೆಯ ತಾಯಿ ಯಾರೆಂದು ವಿಚಾರಿಸುವ ವ್ಯವಧಾನ ತೀರ್ಪುಗಾರರಿಗೆ ಆಗಲೂ ಇರಲಿಲ್ಲ ಎಂಬುದನ್ನು ಹೇಳದಿದ್ದರೆ ಹಳೆಯ ಕಾಲವನ್ನು ಸುಮ್ಮನೆ ಹೊಗಳಿದಂತಾಗುತ್ತದೆ.

2004ರ 'ಹಸೀನಾ'ವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿದ ಚಿತ್ರ. ಕೈಬಿಟ್ಟ ಗಂಡನ ವಿರುದ್ಧ ನ್ಯಾಯ ಕೇಳಿ ಹೆಣ್ಣುಮಕ್ಕಳೊಂದಿಗೆ ಮಸೀದಿಯ ಮುಂದೆ ಬಂದು ಕೂರುವ ಹೆಂಗಸಿನ ಕಥೆ. ತಾರಾ ಅವರಿಗೆ ಅತ್ಯುತ್ತಮ ನಟಿಯ ರಾಷ್ಟ್ರೀಯ ಪ್ರಶಸ್ತಿ ಬಂತು, ಕುಟುಂಬ ಕಲ್ಯಾಣ ವಿಭಾಗದ ಪ್ರಶಸ್ತಿಯೂ ಬಂತು. ಅದು ನಮ್ಮ ಮುತವಲ್ಲಿಗಳಿಗೆ ಹಿತವಾದ ಚಿತ್ರವಲ್ಲ. ನಮ್ಮ ಜಮಾಅತುಗಳ ಬಾಗಿಲಲ್ಲಿ ಕಾದು ಕೂತ ಹೆಣ್ಣುಮಕ್ಕಳ ಲೆಕ್ಕವನ್ನು ಅದು ಕೇಳುತ್ತದೆ. ಆದರೂ ಅದು ದ್ವೇಷದ ಚಿತ್ರವಲ್ಲ; ಒಳಗಿನವರ ನೋವನ್ನು ಒಳಗಿನವರ ಮಾತಿನಲ್ಲೇ ಆಡಿದ ಚಿತ್ರ. ಇಪ್ಪತ್ತು ವರ್ಷಗಳ ಬಳಿಕ, 2025ರ ಮೇ ತಿಂಗಳಲ್ಲಿ, ಅದೇ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವು. 2008ರ 'ಗುಲಾಬಿ ಟಾಕೀಸು' ಕೂಡ ಅಂಥದ್ದೇ. ಮೀನುಗಾರರ ಕೇರಿಯಲ್ಲಿ ಹೆರಿಗೆ ಮಾಡಿಸುವ ಮುಸ್ಲಿಮ್ ಹೆಂಗಸು. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಊರ ಕಣ್ಣು ಆಕೆಯ ಮೇಲೆ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಕೂಗೂ ಇಲ್ಲದೆ ತೋರಿಸಿದ ಚಿತ್ರ. ಉಮಾಶ್ರೀಯವರಿಗೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಅದಕ್ಕೆ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 2010ರ ಸಾಲಿನ ಅತ್ಯುತ್ತಮ ಚಿತ್ರ ಮಲಯಾಳದ 'ಆದಾಮಿಂಟೆ ಮಗನ್ ಅಬು'. ಅಬು ಎಂಬ ಮುದುಕ ಅತ್ತರು ಮಾರುತ್ತಾನೆ. ಹೆಂಡತಿಯೊಂದಿಗೆ ಹಜ್ಜಿಗೆ ಹೋಗಬೇಕೆಂಬುದು ಅವನ ಜೀವಮಾನದ ಆಸೆ. ಹಣ ಸಾಲದೆ ಮನೆಯ ಹಿತ್ತಿಲಿನ ಹಲಸಿನ ಮರವನ್ನು ಮಾರುತ್ತಾನೆ. ಕಡಿದು ನೋಡಿದರೆ ಮರ ಒಳಗೆ ಪೊಳ್ಳು. ಕೊಂಡ ವ್ಯಾಪಾರಿ ಧಾರಾಳಿ; ಪರವಾಗಿಲ್ಲ, ಹಣ ತೆಗೆದುಕೋ ಎನ್ನುತ್ತಾನೆ. ಅಬು ತೆಗೆದುಕೊಳ್ಳುವುದಿಲ್ಲ. ಪೊಳ್ಳು ಮರಕ್ಕೆ ಪಡೆದ ಹಣದಲ್ಲಿ ಹಜ್ಜು ಆಗದೆಂಬುದು ಅವನ ಲೆಕ್ಕ. ನಮ್ಮ ಬಂದೇ ನವಾಜ್ ದರ್ಗಾದ ದಾರಿಯಲ್ಲಿ ಅತ್ತರಿನ ಪೆಟ್ಟಿಗೆಯಿಟ್ಟುಕೊಂಡು ಕೂರುವ ಮುದುಕರನ್ನು ಕಂಡಾಗಲೆಲ್ಲ ಅಬು ನನಗೆ ನೆನಪಾಗುತ್ತಾನೆ. ಇಂಥ ಚಿತ್ರವೊಂದನ್ನು ದೇಶದ ಅತ್ಯುತ್ತಮ ಚಿತ್ರವೆಂದು ಕರೆದ ಕಾಲ ಬಹಳ ದೂರದ್ದಲ್ಲ, ಹದಿನೈದು ವರ್ಷಗಳಷ್ಟು ಹಿಂದಿನದು.

ಈಗ ನೋಡಿ. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಪ್ರಶಸ್ತಿಯೊಂದಿತ್ತು. 1973ರ ಸಾಲಿನಲ್ಲಿ ಅದನ್ನು ಪಡೆದದ್ದು ಮೈಸೂರಿನ ಎಂ.ಎಸ್. ಸತ್ಯು ಅವರ 'ಗರಂ ಹವಾ'. ದೇಶ ವಿಭಜನೆಯ ಬಳಿಕ ಆಗ್ರಾ ಬಿಟ್ಟು ಹೋಗಲೊಲ್ಲದ ಸಲೀಂ ಮಿರ್ಜಾನ ಕಥೆ. ಮುಂದೆ ಆ ಪ್ರಶಸ್ತಿಗೆ ನರ್ಗಿಸ್ ದತ್ ಅವರ ಹೆಸರನ್ನಿಟ್ಟರು. 2023ರ ಆಗಸ್ಟ್‌ನಲ್ಲಿ, 2021ರ ಸಾಲಿಗೆ, ಅದೇ ಪ್ರಶಸ್ತಿಯನ್ನು 'ದಿ ಕಾಶ್ಮೀರ್ ಫೈಲ್ಸ್'ಗೆ ಕೊಡಲಾಯಿತು. ಕಾಶ್ಮೀರಿ ಪಂಡಿತರು ಅನುಭವಿಸಿದ ಸಂಕಟ ಸತ್ಯ. ಮನೆಮಠ ಬಿಟ್ಟು ಓಡಿದವರ ನೋವನ್ನು ಅಲ್ಲಗಳೆಯುವವನು ಮುಸ್ಲಿಮನೂ ಅಲ್ಲ, ಮನುಷ್ಯನೂ ಅಲ್ಲ. ಆ ನೋವನ್ನು ಹೇಳುವ ಚಿತ್ರಗಳು ಬರಲೇಬೇಕು. ಆದರೆ ಒಂದು ನೋವನ್ನು ಇನ್ನೊಂದು ಸಮುದಾಯದ ಕಡೆಗೆ ಬೀಸುವ ಕತ್ತಿಯಾಗಿ ಮಾಡಿದ ಚಿತ್ರಕ್ಕೆ ಬೇರೆ ಯಾವ ಹೆಸರಿನ ಪ್ರಶಸ್ತಿಯನ್ನಾದರೂ ಕೊಡಬಹುದಿತ್ತಲ್ಲ, ಭಾವೈಕ್ಯದ್ದೇ ಆಗಬೇಕಿತ್ತೇ? 2022ರ ನವೆಂಬರ್‌ನಲ್ಲಿ ಗೋವಾದ ಸರಕಾರಿ ಚಿತ್ರೋತ್ಸವದಲ್ಲಿ ತೀರ್ಪುಗಾರರ ಮಂಡಳಿಯ ಮುಖ್ಯಸ್ಥರಾಗಿದ್ದ ಇಸ್ರೇಲಿನ ನಾದವ್ ಲಪಿದ್ ಅದನ್ನು ಪ್ರಚಾರದ ಸರಕೆಂದು ವೇದಿಕೆಯ ಮೇಲೆಯೇ ಹೇಳಿದ್ದರು. ಒಂಬತ್ತು ತಿಂಗಳ ಬಳಿಕ ಸರಕಾರ ಕೊಟ್ಟ ಉತ್ತರ ಈ ಪದಕ.

ಅಲ್ಲಿಗೇ ನಿಲ್ಲಲಿಲ್ಲ. 2024ರ ಫೆಬ್ರುವರಿಯಲ್ಲಿ ನಿಯಮಗಳ ಪರಿಷ್ಕರಣೆಯ ಹೆಸರಿನಲ್ಲಿ ಆ ಪ್ರಶಸ್ತಿಯಿಂದ ನರ್ಗಿಸ್ ಅವರ ಹೆಸರನ್ನೇ ತೆಗೆದು, ಚೊಚ್ಚಲ ನಿರ್ದೇಶಕರ ಪ್ರಶಸ್ತಿಯಿಂದ ಇಂದಿರಾ ಗಾಂಧಿಯವರ ಹೆಸರನ್ನೂ ತೆಗೆಯಲಾಯಿತು. ಭಾವೈಕ್ಯ ಎಂಬ ಪದದ ಜಾಗದಲ್ಲಿ ರಾಷ್ಟ್ರೀಯ, ಸಾಮಾಜಿಕ ಮತ್ತು ಪರಿಸರ ಮೌಲ್ಯಗಳು ಎಂಬ ಉದ್ದನೆಯ ಫಲಕ ಬಂತು. 2025ರ ಆಗಸ್ಟ್ 1ರಂದು ಪ್ರಕಟವಾದ 71ನೇ ಪಟ್ಟಿಯಲ್ಲಿ 'ದಿ ಕೇರಳ ಸ್ಟೋರಿ'ಗೆ ಅತ್ಯುತ್ತಮ ನಿರ್ದೇಶನ ಮತ್ತು ಅತ್ಯುತ್ತಮ ಛಾಯಾಗ್ರಹಣ. ಕೇರಳದ 32,000 ಹೆಣ್ಣುಮಕ್ಕಳನ್ನು ಮತಾಂತರಿಸಲಾಗಿದೆ ಎಂದು ತನ್ನ ಜಾಹೀರಾತಿನಲ್ಲಿ ಹೇಳಿಕೊಂಡಿದ್ದ ಚಿತ್ರ ಇದು. 2023ರ ಮೇ ತಿಂಗಳಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಆ ಅಂಕಿಗೆ ಅಧಿಕೃತ ಆಧಾರವಿಲ್ಲವೆಂಬ ಒಕ್ಕಣೆಯನ್ನು ಚಿತ್ರಕ್ಕೆ ಸೇರಿಸಬೇಕಾಯಿತು. ಆಧಾರವಿಲ್ಲವೆಂದು ತಾನೇ ಬರೆದುಕೊಂಡ ಚಿತ್ರದ ನಿರ್ದೇಶನವು ಆ ವರ್ಷದ ಭಾರತದಲ್ಲೇ ಅತ್ಯುತ್ತಮವಂತೆ! ಅದೇ ಪಟ್ಟಿಯಲ್ಲಿ ಅತ್ಯುತ್ತಮ ಚಿತ್ರವಾಗಿ, ಬಡ ಹುಡುಗನೊಬ್ಬ ಪರೀಕ್ಷೆಗೆ ಓದುವ ಕಥೆಯಾದ '12ತ್ ಫೇಲ್' ಇದೆ; ಎಲ್ಲವೂ ಕೆಟ್ಟಿತೆಂದು ನಾನು ಹೇಳಲಾರೆ. ಆದರೆ ನೂರು ಜನ ಉಣ್ಣುವ ಹಂಡೆಗೆ ಎಷ್ಟು ವಿಷ ಸಾಕೆಂಬುದು ಅಡುಗೆಯವನಿಗೆ ಗೊತ್ತಿರಬೇಕು.

ಇದು ಬರಿಯ ಪಕ್ಷರಾಜಕಾರಣ ಎಂದು ತಳ್ಳಿಹಾಕುವವರಿದ್ದಾರೆ. ರಾಜಕಾರಣ ಇದೆ, ನಿಜ. 2022ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿಯವರ ಸರಕಾರ 'ಕಾಶ್ಮೀರ್ ಫೈಲ್ಸ್'ಗೆ ತೆರಿಗೆ ವಿನಾಯಿತಿ ನೀಡಿತು. ಅದೇ ತಿಂಗಳ 15ರಂದು ತರಗತಿಯೊಳಗಿನ ಹಿಜಾಬ್ ನಿರ್ಬಂಧವನ್ನು ಹೈಕೋರ್ಟ್ ಎತ್ತಿಹಿಡಿಯಿತು. ಒಂದು ಕಡೆ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಮ್ಮ ಹೆಣ್ಣುಮಕ್ಕಳು, ಇನ್ನೊಂದು ಕಡೆ ಚಿತ್ರಮಂದಿರದ ಬಾಗಿಲಲ್ಲಿ ರಿಯಾಯಿತಿ. ಆದರೆ ರಾಜಕಾರಣಕ್ಕೂ ಮಿಗಿಲಾಗಿ ಇಲ್ಲಿ ಅಭಿರುಚಿಯ ಪತನವಿದೆ. 'ಕೆ.ಜಿ.ಎಫ್'ನಲ್ಲಿ ಮತೀಯ ದ್ವೇಷವಿಲ್ಲ. 'ಕೇರಳ ಸ್ಟೋರಿ'ಯಲ್ಲಿ ಬಂಗಾರದ ಗಣಿಯಿಲ್ಲ. ಎರಡಕ್ಕೂ ಪದಕವನ್ನು ತಂದದ್ದು ಒಂದೇ ಗುಣ, ಸದ್ದು. ಪ್ರಾದೇಶಿಕ ಸಮಿತಿಗಳು ಮೊದಲು ನೋಡಿ ಆರಿಸಿದವುಗಳನ್ನು ಕೇಂದ್ರ ಸಮಿತಿ ನೋಡುತ್ತದೆ. ಕೆಲವೇ ದಿನಗಳಲ್ಲಿ ರಾಶಿ ರಾಶಿ ಚಿತ್ರಗಳು. ಬೆಳಿಗ್ಗೆಯಿಂದ ಕತ್ತಲ ಕೋಣೆಯಲ್ಲಿ ಕೂತವರ ಕಿವಿಗೆ ಪಿಸುಮಾತು ಕೇಳಿಸದು. ತಾಸುಗಟ್ಟಲೆ ಮೌನವಾಗಿ ಉಸಿರಾಡುವ ಚಿತ್ರಕ್ಕಿಂತ, ಎದೆಗೆ ಗುದ್ದುವ ಚಿತ್ರವೇ ಸಂಜೆಯ ತನಕ ನೆನಪಿನಲ್ಲಿ ಉಳಿಯುತ್ತದೆ. ಯಾವ ಕಾರಣಕ್ಕೆ ಯಾವುದನ್ನು ಬಿಟ್ಟರು ಎಂಬುದನ್ನು ಒಂದು ಪುಟದಲ್ಲಾದರೂ ಬರೆದು ಪ್ರಕಟಿಸುವ ಕಟ್ಟುಪಾಡಿದ್ದರೆ ಈ ಆಲಸ್ಯ ಅಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ. ಇನ್ನು ಲಂಡನ್ನು, ದುಬೈ ಎಂದು ವಿಮಾನದಲ್ಲಿ ಹಾರಿ ಹೋಗಿ ನಡೆಸುವ ಖಾಸಗಿ ಪ್ರಶಸ್ತಿಗಳ ಮಾತನ್ನು ಬಿಡೋಣ. ಅವು ಟಿ.ವಿ.ಗೆಂದು ಹೂಡುವ ಕುಣಿತ. ಕುಣಿಯಲು ಬಂದವನಿಗೆ ಒಂದು ಗೊಂಬೆ ಸಿಗುತ್ತದೆ.

ರಾಜ್ಯದ ಕಡೆ ತಿರುಗಿದರೆ ಸದ್ದಿನ ಜಾಗದಲ್ಲಿ ಸಂಖ್ಯೆ ಕೂತಿದೆ. ಒಳ್ಳೆಯ ಕನ್ನಡ ಚಿತ್ರಕ್ಕೆ ಆಸರೆಯಾಗಲೆಂದು ಸಹಾಯಧನದ ಪದ್ಧತಿ ಬಂತು. ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳಿಗೆ ಅದು ನಿಜವಾಗಿಯೂ ಆಸರೆಯಾಯಿತು. ಕಾಲಕ್ರಮದಲ್ಲಿ ಅದು ವರ್ಷಕ್ಕೆ 125 ಚಿತ್ರಗಳಿಗೆ ಏರಿತು. 2022ರ ಮಾರ್ಚ್‌ನಲ್ಲಿ ಬೆಂಗಳೂರು ಚಿತ್ರೋತ್ಸವದ ವೇದಿಕೆಯಲ್ಲಿ ಮುಖ್ಯಮಂತ್ರಿಗಳು ಅದನ್ನು 200ಕ್ಕೆ ಏರಿಸುವುದಾಗಿ ಘೋಷಿಸಿದರು. ಚಪ್ಪಾಳೆ ಬಿತ್ತು. ಇನ್ನೂರು ಚಿತ್ರ! ಅವುಗಳಲ್ಲಿ ಕಲಬುರಗಿಯ ಪರದೆಯ ಮೇಲೆ ಒಂದು ವಾರವಾದರೂ ನಿಲ್ಲುವವು ಎಷ್ಟು? ಒಂದೇ ಒಂದು ದಿನ ಬಂದುಹೋಗುವವು ಎಷ್ಟು? ಸಹಾಯಧನಕ್ಕೆಂದೇ ಚಿತ್ರ ಸುತ್ತುವ ಪರಿಪಾಠ ಬೆಳೆದಿದೆ ಎಂದು ಚಿತ್ರರಂಗದವರೇ ಬಹಿರಂಗವಾಗಿ ಹೇಳುತ್ತಾರೆ. ಅಬು ಪೊಳ್ಳು ಮರಕ್ಕೆ ಹಣ ಪಡೆಯಲಿಲ್ಲ. ಇಲ್ಲಿ ಮರಗಳನ್ನು ಎಣಿಸುವವರಿದ್ದಾರೆಯೇ ಹೊರತು ತಟ್ಟಿ ನೋಡುವವರು ವಿರಳ. ತಟ್ಟಿ ನೋಡಬೇಕಾದ ಪ್ರಶಸ್ತಿ ಸಮಿತಿಗಳಾದರೋ ಎಷ್ಟು ತಡವಾಗಿ ಬರುತ್ತವೆಂದರೆ, 2019ರ ಸಾಲಿನ ರಾಜ್ಯ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. 'ಪೈಲ್ವಾನ್' ಚಿತ್ರಕ್ಕಾಗಿ ಅತ್ಯುತ್ತಮ ನಟರೆಂದು ಆಯ್ಕೆಯಾದ ಸುದೀಪ್ ಅವರು, ತಾವು ಪ್ರಶಸ್ತಿ ಸ್ವೀಕರಿಸುವುದನ್ನು ಬಿಟ್ಟು ವರ್ಷಗಳಾದವೆಂದು ಹೇಳಿ ಅದನ್ನು ನಯವಾಗಿ ನಿರಾಕರಿಸಿದರು. 2021ರ ಪಟ್ಟಿ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಸಣ್ಣ ಚಿತ್ರಕ್ಕೆ ಪ್ರಶಸ್ತಿಯ ಸುದ್ದಿ ಬೇಕಾಗುವುದು ಅದು ಚಿತ್ರಮಂದಿರಕ್ಕೆ ಬರುವ ಹೊತ್ತಿನಲ್ಲಿ. ನಾಲ್ಕೈದು ವರ್ಷಗಳ ಬಳಿಕ, ಸಾಲ ತೀರಿಸಲು ನಿರ್ಮಾಪಕನು ಹೊಲ ಮಾರಿಕೊಂಡ ಮೇಲೆ, ಮನೆಗೆ ಬರುವ ಪದಕವನ್ನು ಯಾವ ಗೋಡೆಗೆ ತೂಗುಹಾಕಬೇಕು?

ಸಂಖ್ಯೆಯ ಈ ವ್ಯಾಮೋಹ ಸಿನಿಮಾಕ್ಕೆ ಸೀಮಿತವಲ್ಲ. ರಾಜ್ಯೋತ್ಸವ ಪ್ರಶಸ್ತಿಗಳನ್ನು ನೋಡಿ: 2023ರಲ್ಲಿ 68 ಮಂದಿಗೆ, 2024ರಲ್ಲಿ 69 ಮಂದಿಗೆ, 2025ರಲ್ಲಿ 70 ಮಂದಿಗೆ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ. ಯೋಗ್ಯರು ಎಷ್ಟು ಮಂದಿ ಎಂಬುದನ್ನು ಪಂಚಾಂಗ ನಿರ್ಧರಿಸುವ ಇನ್ನೊಂದು ರಾಜ್ಯ ಭೂಮಿಯ ಮೇಲೆ ಇದೆಯೇ? ಆ ಪಟ್ಟಿಗಳಲ್ಲಿ ನಿಜವಾದ ಸಾಧಕರು ಅನೇಕರಿದ್ದಾರೆ. ಕಲ್ಯಾಣ ಕರ್ನಾಟಕದ ಮೂಲೆಯ ಜನಪದ ಕಲಾವಿದರೂ ಇದ್ದಾರೆ. ಜಾಗ ತುಂಬಲೆಂದು ಸೇರಿಸಿದ ಹೆಸರುಗಳ ನಡುವೆ ಅವರು ಕಾಣದಾಗುತ್ತಾರೆ ಎಂಬುದೇ ನನ್ನ ಸಂಕಟ.

ಕಲಬುರಗಿ ನಗರದ ದೊಡ್ಡ ಸಭಾಂಗಣಕ್ಕೆ ಡಾ. ಎಸ್.ಎಂ. ಪಂಡಿತರ ಹೆಸರಿದೆ. ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿ, ಬೊಂಬಾಯಿಗೆ ಹೋಗಿ, ಸಿನಿಮಾ ಪೋಸ್ಟರುಗಳಲ್ಲೂ ಕ್ಯಾಲೆಂಡರ್ ಚಿತ್ರಗಳಲ್ಲೂ ದೇಶಕ್ಕೇ ಹೆಸರಾದ ಕಲಾವಿದ. ಝಗಮಗ ಎಂದರೇನೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದು ಅವರ ಕಸುಬಾಗಿತ್ತು. ಪೋಸ್ಟರು ಜನರನ್ನು ಬಾಗಿಲ ತನಕ ಕರೆತರುತ್ತದೆ, ಒಳಗೆ ಬೇರೆ ಏನಾದರೂ ಇರಲೇಬೇಕು. ಇಂದು ಇಂಥ ಸಭಾಂಗಣಗಳಲ್ಲಿ ನಡೆಯುವ ಸನ್ಮಾನ ಸಮಾರಂಭಗಳಲ್ಲಿ ಬಾಗಿಲ ಹೊರಗೂ ಪೋಸ್ಟರು, ಒಳಗೂ ಪೋಸ್ಟರು. ಐವತ್ತು ಮಂದಿಗೆ ಒಂದೇ ತಾಸಿನಲ್ಲಿ ಶಾಲು, ಹಾರ, ಪೇಟ, ಫಲಕ. ಯಾರು ಏನು ಮಾಡಿದರೆಂದು ಓದಿ ಹೇಳಲೂ ಬಿಡುವಿಲ್ಲ. ಫೋಟೊ ಆಯಿತೇ, ಇಳಿಯಿರಿ, ಮುಂದಿನವರು ಬನ್ನಿ. ಎರಡು ವರ್ಷಗಳ ಹಿಂದೆ ನನಗೂ ಒಂದು ದೂರವಾಣಿ ಕರೆ ಬಂದಿತ್ತು. ಸಮಾಜರತ್ನ ಪ್ರಶಸ್ತಿಗೆ ನಾನು ಆಯ್ಕೆಯಾಗಿದ್ದೇನಂತೆ. ಯಾವ ಕೆಲಸಕ್ಕಾಗಿ ಎಂದು ಕೇಳಿದೆ. 'ಅದನ್ನ ನೀವೇ ಬರದು ಕಳಸ್ರಿ ಸರ್, ಜೊತಿಗೆ ನೋಂದಣಿ ಶುಲ್ಕ' ಎಂದರು.

ಇವುಗಳಿಂದಾಗುವ ಹಾನಿ ಏನೆಂದರೆ, ಪ್ರಶಸ್ತಿ ಕೊಡುವವರು ತಮಗರಿವಿಲ್ಲದೆಯೇ ಪಾಠ ಹೇಳುತ್ತಿರುತ್ತಾರೆ. ಕಮಲಾಪುರದ ಯುವಕನೊಬ್ಬನನ್ನು ನಾನು ಬಲ್ಲೆ. ಡಿಗ್ರಿ ಮುಗಿಸಿ ಹುಮನಾಬಾದ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಕೈಯಲ್ಲಿದ್ದ ಫೋನಿನಲ್ಲೇ ಹನ್ನೊಂದು ನಿಮಿಷದ ಕಿರುಚಿತ್ರವೊಂದನ್ನು ತೆಗೆದ. ಬಾಳೆ ತೋಟದಲ್ಲಿ ಕೂಲಿ ಮಾಡುವ ಇಬ್ಬರು ಹೆಂಗಸರು, ಒಬ್ಬಳು ಅವನ ತಾಯಿ. ಗಾಳಿಗೆ ಬಾಗುವ ಗಿಡಗಳಿಗೆ ಊರುಗೋಲು ಕೊಡುತ್ತ, ಮಗಳ ಮದುವೆಯ ಸಾಲದ ಮಾತನ್ನಾಡುತ್ತಾರೆ. ಅಷ್ಟೇ ಚಿತ್ರ. ಹಿನ್ನೆಲೆ ಸಂಗೀತವಿಲ್ಲ, ಎಲೆಗಳ ಸಪ್ಪಳ, ಪಂಪಿನ ಸದ್ದು, ದೂರದ ಬಸ್ಸು. ಕೊನೆಯಲ್ಲಿ ಆ ತಾಯಿ ಗೊನೆಯನ್ನು ತಲೆಯ ಮೇಲೆ ಹೊತ್ತು ತೋಟದ ಗೇಟು ದಾಟುವಾಗ, ತಾನು ಬೆಳೆಸಿದ ಹಣ್ಣನ್ನು ತಾನು ತಿಂದಿಲ್ಲವೆಂಬುದನ್ನು ನಗುತ್ತ ಹೇಳುತ್ತಾಳೆ. ನೋಡಿದ ನಮಗೆ ಮಾತು ಹೊರಡಲಿಲ್ಲ. ಜಿಲ್ಲೆಯ ಒಂದು ಸ್ಪರ್ಧೆಗೆ ಅದನ್ನು ಕಳಿಸಿದ. ಚಿತ್ರ 'ರಿಚ್' ಆಗಿಲ್ಲ ಎಂಬ ಒಂದೇ ಮಾತಿನ ತೀರ್ಪು ಬಂತು. ಮರುವರ್ಷ ಅವನು ಸಾಲ ಮಾಡಿ ಕಲಬುರಗಿಯಿಂದ ಡ್ರೋನ್ ಬಾಡಿಗೆಗೆ ತಂದ. ಕೋಟೆಯನ್ನು ಆಕಾಶದಿಂದ ತೋರಿಸಿದ, ನಿಧಾನಗತಿಯಲ್ಲಿ ನಾಲ್ವರು ಹುಡುಗರನ್ನು ನಡೆಸಿದ, ಎಲ್ಲೆಡೆಯೂ ತುಂಬುವಂತೆ ಸಂಗೀತ ಸುರಿದ. ಎರಡನೆಯ ಬಹುಮಾನ ಬಂತು. ನನಗೆ ತೋರಿಸಲು ಅಂಗಡಿಯಿಂದ ಫಲಕ ತಂದವನ ಮುಖದಲ್ಲಿ ಸಂತೋಷವೇನೋ ಇತ್ತು. 'ಹಿಂಗ್ ತಗದ್ರ ಕೊಡ್ತಾರ್ ನೋಡ್ರಿ ಭಾಯ್' ಎಂದ. ಅವನನ್ನು ದೂಷಿಸಲು ನನಗೆ ನಾಲಗೆ ಏಳಲಿಲ್ಲ. ಪರೀಕ್ಷಕ ಏನನ್ನು ಕೇಳುತ್ತಾನೋ ಅದನ್ನೇ ವಿದ್ಯಾರ್ಥಿ ಬರೆಯುತ್ತಾನೆ.

ಆ ತೋಟದ ಹಣ್ಣು ಕಮಲಾಪುರದ ಕೆಂಪು ಬಾಳೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಫಸಲು ಕೈಗೆ ಬರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ಎತ್ತರದ ಗಿಡ, ಆಸರೆ ಕೊಡದಿದ್ದರೆ ಗಾಳಿಗೆ ಉರುಳುತ್ತದೆ. ಬೇಗ ಬರುವ, ಗೊನೆ ತುಂಬ ಕಾಯಿ ಬಿಡುವ ತಳಿಗಳ ಮುಂದೆ ಎಣಿಕೆಯಲ್ಲಿ ಅದು ಸೋಲುತ್ತದೆ. ಆದ್ದರಿಂದಲೇ ಬೆಳೆಯುವವರು ಕಡಿಮೆ. ಆದರೂ ಆ ಹಣ್ಣಿಗೆ ಮಾನ್ಯತೆ ಕೊಡುವಾಗ, ಎಷ್ಟು ಟನ್ನು ಬೆಳೆದಿರಿ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ. ಈ ಮಣ್ಣಿನ ಯಾವ ಗುಣ ಇದರಲ್ಲಿದೆ ಎಂದು ಕೇಳಿದರು. ಬಾಳೆಹಣ್ಣಿಗೆ ತೋರಿದ ವಿವೇಕವನ್ನು ನಮ್ಮ ಸಾಂಸ್ಕೃತಿಕ ಇಲಾಖೆಗಳು ಚಲನಚಿತ್ರಕ್ಕೆ ತೋರಬಾರದೇ?

ಇಷ್ಟೆಲ್ಲ ಸರಕಾರಕ್ಕೆ ಹೇಳಿದ ಮೇಲೆ ನಮ್ಮ ಮನೆಯ ಕಸವನ್ನು ಕಂಬಳಿಯಡಿ ತಳ್ಳುವಂತಿಲ್ಲ. ಸಂಖ್ಯೆಯ ಪೈಪೋಟಿಗೆ ಅರಬಿಯಲ್ಲಿ ತಕಾಸುರ್ ಎಂಬ ಪದವಿದೆ; ಆ ಹೆಸರಿನ ಒಂದು ಅಧ್ಯಾಯವೇ ಪವಿತ್ರ ಕುರ್‌ಆನ್‌ನಲ್ಲಿದೆಯೆಂಬುದು ಮಕ್ತಬಿನ ಮಗುವಿಗೂ ಗೊತ್ತು. ತೋರಿಕೆಗೆ ರಿಯಾ ಎನ್ನುತ್ತೇವೆ. ಪ್ರವಾದಿವರ್ಯರು(ಸ) ಅದನ್ನು ಸಣ್ಣ ಶಿರ್ಕ್ ಎಂದು ಎಚ್ಚರಿಸಿದರೆಂದು ನಮ್ಮ ಖತೀಬರು ಮಿಂಬರಿನಿಂದ ಹೇಳುತ್ತಲೇ ಇರುತ್ತಾರೆ. ಮಿಂಬರಿನಿಂದ ಇಳಿದ ಕೂಡಲೇ ಜಲ್ಸಾದ ಬ್ಯಾನರಿನಲ್ಲಿ ಯಾರ ಭಾವಚಿತ್ರ ಎಷ್ಟು ದೊಡ್ಡದಿರಬೇಕೆಂಬ ಜಗಳ ಆರಂಭವಾಗುತ್ತದೆ. ಮೀಲಾದಿನ ಮೆರವಣಿಗೆಯಲ್ಲಿ ಯಾವ ಮೊಹಲ್ಲಾದ ಧ್ವನಿವರ್ಧಕ ದೊಡ್ಡದೆಂಬ ಸ್ಪರ್ಧೆ ನಡೆಯುವಾಗ ಆಸ್ಪತ್ರೆಯ ಮುಂದೆಯೂ ಶಬ್ದ ತಗ್ಗುವುದಿಲ್ಲ. ಹಾಫಿಝರ ದಸ್ತಾರ್‌ಬಂದಿಯ ವೇದಿಕೆಯಲ್ಲಿ, ಮೂರು ವರ್ಷ ನಸುಕಿನಲ್ಲಿ ಎದ್ದು ಕಂಠಪಾಠ ಮಾಡಿದ ಹುಡುಗ ಹಿಂದಿನ ಸಾಲಿನಲ್ಲಿ. ಶಾಸಕರಿಗೆ, ಗುತ್ತಿಗೆದಾರರಿಗೆ ಮುಂದಿನ ಕುರ್ಚಿ ಮತ್ತು ಮೊದಲ ಶಾಲು. ಈ ವರ್ಷ ನಮ್ಮಲ್ಲಿ ಇಷ್ಟು ಮಂದಿ ಫಾರಿಗ್ ಆದರು ಎಂದು ವಾರ್ಷಿಕ ವರದಿಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇವೆ. ಅವರಲ್ಲಿ ಎಷ್ಟು ಮಂದಿ ತಾವು ಓದಿದ್ದರ ಅರ್ಥವನ್ನು ಕನ್ನಡದಲ್ಲಿ ನೆರೆಯವರಿಗೆ ತಿಳಿಸಬಲ್ಲರೆಂಬ ಅಂಕಣ ಆ ವರದಿಯಲ್ಲಿಲ್ಲ. ಉರುಸಿಗೆ ಎಷ್ಟು ಲಕ್ಷ ಜನ ಸೇರಿದರೆಂದು ಪತ್ರಿಕೆಗಳಿಗೆ ಹೇಳುವ ನಾವು, ಹಜರತ್ ಬಂದೇ ನವಾಜರು ಫಾರ್ಸಿಯಲ್ಲೂ ಅರಬಿಯಲ್ಲೂ ಬರೆದಿಟ್ಟ ಗ್ರಂಥಗಳನ್ನು ಆ ಲಕ್ಷದಲ್ಲಿ ಎಷ್ಟು ಮಂದಿ ಮುಟ್ಟಿದ್ದಾರೆಂದು ಕೇಳಿಕೊಂಡಿಲ್ಲ. ದೆಹಲಿಯ ತೀರ್ಪುಗಾರರಿಗೂ ನಮ್ಮ ಜಲ್ಸಾ ಸಮಿತಿಗಳಿಗೂ ಅಳತೆಗೋಲು ಒಂದೇ ಆಗಿರುವಾಗ, ನಮ್ಮ ಟೀಕೆಗೆ ಬೆಲೆ ಬರುವುದು ಕಷ್ಟ.

ಆದುದರಿಂದ ಕೇಳಬೇಕಾದುದನ್ನು ಎರಡೂ ಕಡೆ ಕೇಳೋಣ. ರಾಜ್ಯ ಪ್ರಶಸ್ತಿಯ ಪಟ್ಟಿಯೊಂದಿಗೆ ತೀರ್ಪಿನ ಕಾರಣಗಳೂ ಪ್ರಕಟವಾಗಲಿ, ಆ ಪಟ್ಟಿ ಮರುವರ್ಷವೇ ಬರಲಿ. ಸಹಾಯಧನದ ಚಿತ್ರಗಳ ಸಂಖ್ಯೆಯನ್ನು ಇನ್ನೂರರಿಂದ ಐವತ್ತಕ್ಕೆ ಇಳಿಸಿದರೂ ಸರಿಯೇ. ಉಳಿಯುವ ಹಣದಲ್ಲಿ ಆ ಐವತ್ತು ಚಿತ್ರಗಳನ್ನು ಪ್ರತಿ ಜಿಲ್ಲಾ ಕೇಂದ್ರದಲ್ಲಿ, ನಿಗದಿತ ದಿನಗಳಲ್ಲಿ, ಕಡಿಮೆ ದರಕ್ಕೆ ತೋರಿಸುವ ಏರ್ಪಾಡಾಗಲಿ. 371(ಜೆ) ವಿಧಿಯ ಹೆಸರಿನಲ್ಲಿ ರಸ್ತೆಗಳಿಗೂ ಕಟ್ಟಡಗಳಿಗೂ ಹಣ ಕೇಳುವ ನಮ್ಮ ಜನಪ್ರತಿನಿಧಿಗಳು, ಇಲ್ಲಿಯ ಹುಡುಗರು ತೆಗೆದ ಚಿತ್ರವನ್ನು ತೋರಿಸಲು ಒಂದು ಸಣ್ಣ ಸಭಾಗೃಹವನ್ನೂ ಕೇಳಲಿ. ನಮ್ಮ ಅಂಜುಮನ್‌ಗಳು ಮುಂದಿನ ಒಂದು ವರ್ಷ ಶಾಲು ಮತ್ತು ಫಲಕಗಳ ಖರ್ಚನ್ನು ನಿಲ್ಲಿಸಿ, ಆ ಹಣವನ್ನು ಇಮಾಮರ ಸಂಬಳಕ್ಕೂ ಹೆಣ್ಣುಮಕ್ಕಳ ಕಾಲೇಜು ಶುಲ್ಕಕ್ಕೂ ಕೊಡಲಿ.

ಕಮಲಾಪುರದ ಆ ಹನ್ನೊಂದು ನಿಮಿಷದ ಚಿತ್ರ ಇನ್ನೂ ಅವನ ಹಳೆಯ ಫೋನಿನಲ್ಲೇ ಇದೆ. ಅದನ್ನು ಅಳಿಸಬೇಡವೆಂದು ಹೇಳಿದ್ದೇನೆ. ಅವನ ತಾಯಿ ಈಗಲೂ ಅದೇ ತೋಟಕ್ಕೆ ಕೂಲಿಗೆ ಹೋಗುತ್ತಾಳೆ.